ಬೀದಿಗೊಂದು ವಸಂತ, ಮನೆಗೊಂದು ಮರ

ಫೆಬ್ರವರಿ ಕಳೆಯುವ ಹೊತ್ತಿಗೆ ಬೆಂಗಳೂರು, ಮೈಸೂರಿನ ನರ್ಸರಿಗಳಲ್ಲಿ ಒಂದು ವ್ಯಾಪಾರ ಮಾಮೂಲಿ. ಗಿರಾಕಿ ಜೇಬಿನಿಂದ ಮೊಬೈಲ್ ತೆಗೆದು ಫೋಟೊ ತೋರಿಸುತ್ತಾರೆ: ಒಂದೂ ಎಲೆಯಿಲ್ಲದೆ ಮೈತುಂಬ ಗುಲಾಬಿ ಬಣ್ಣದ ಹೂ ಹೊತ್ತ ಮರ. ‘ಈ ಗಿಡ ಇದೆಯಾ?’ ಇದೆ, ಟಬೂಬಿಯ. ಐದಡಿ ಸಸಿ ಆಟೊದಲ್ಲಿ ಕೂತು ಮನೆ ಸೇರುತ್ತದೆ. ಮನೆ ಗೋಡೆಗೂ ಕಾಂಪೌಂಡಿಗೂ ನಡುವೆ ಉಳಿದ ನಾಲ್ಕಡಿ ಸಂದಿಯಲ್ಲಿ ಅದನ್ನು ಊರುತ್ತಾರೆ. ಹತ್ತು ವರ್ಷ ಹೋಗಲಿ, ಕೊಂಬೆ ಕರೆಂಟ್ ತಂತಿಗೆ ತಾಗಿರುತ್ತದೆ, ಉದುರಿದ ಎಲೆ ಪಕ್ಕದ ಮನೆಯ ತಾರಸಿ ಕೊಳವೆಯನ್ನು ಕಟ್ಟಿರುತ್ತದೆ. ಹೂವಿನಾಸೆಗೆ ತಂದ ಮರವನ್ನು ಕಡಿಸಲು ಅರ್ಜಿ ಬರೆಯುವ ದಿನ ಬಂದಿರುತ್ತದೆ.

ಟಬೂಬಿಯ ಕೆಟ್ಟ ಮರವೇನಲ್ಲ. ಆದರೆ ಫೋಟೊದಲ್ಲಿ ಕಾಣುವುದು ಮರದ ಎರಡು–ಮೂರು ವಾರದ ಬಾಳು ಮಾತ್ರ. ಉಳಿದ ವರ್ಷವೆಲ್ಲ ಅದು ಎತ್ತರಕ್ಕೆ ಏರುತ್ತದೆ, ಬೇರು ಬಿಡುತ್ತದೆ, ಎಲೆ ಚೆಲ್ಲುತ್ತದೆ, ಗಾಳಿಗೆ ಓಲಾಡುತ್ತದೆ. ಹೂಮರ ತರುವವರು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ನನ್ನಲ್ಲಿ ಜಾಗ ಎಷ್ಟಿದೆ? ನನ್ನ ಊರಿನ ಮಣ್ಣು, ಮಳೆ ಎಂಥದು? ನನ್ನ ಬೀದಿಯಲ್ಲಿ ಈಗಾಗಲೇ ಯಾವ ಮರಗಳಿವೆ? ಮೊದಲೆರಡನ್ನು ಅಪರೂಪಕ್ಕಾದರೂ ಕೇಳುವವರಿದ್ದಾರೆ. ಮೂರನೆಯದನ್ನು ಯಾರೂ ಕೇಳುವುದಿಲ್ಲ. ಆದರೆ ಬೆಂಗಳೂರಿಗೆ ಹೂವಿನ ಊರೆಂಬ ಹೆಸರು ಬಂದದ್ದೇ ಆ ಪ್ರಶ್ನೆಯಿಂದ.

ಕ್ರುಂಬಿಗಲ್ ಹಾಕಿದ ಲೆಕ್ಕ

1865ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಗುಸ್ತಾವ್ ಹರ್ಮನ್ ಕ್ರುಂಬಿಗಲ್, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡಾ ಸಂಸ್ಥಾನದಲ್ಲಿ ತೋಟಗಳನ್ನು ಕಟ್ಟಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲ ಅದು. ಜಾನ್ ಕ್ಯಾಮರೂನ್ ಬಿಟ್ಟ ಜಾಗದಲ್ಲಿ ಲಾಲ್‌ಬಾಗ್‌ನ ಹೊಣೆ ಹೊತ್ತು 1932ರವರೆಗೆ ದುಡಿದರು. ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಜಾತಿ ಅರಳಬೇಕು, ಊರಿನಲ್ಲಿ ಯಾವ ತಿಂಗಳೂ ಬರಿದಾಗಬಾರದು ಎನ್ನುವುದು ಅವರ ಯೋಜನೆ. ಮರಗಳನ್ನು ಬಣ್ಣದ ಜೊತೆಗೆ ತಿಂಗಳು ನೋಡಿಯೂ ಆರಿಸಿದರು. ಒಂದೊಂದು ರಸ್ತೆಗೆ ಒಂದೊಂದು ಜಾತಿ ಸಾಲಾಗಿ ಬಂತು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಹೊಸ ಬಡಾವಣೆಗಳಿಗೆ ಲಕ್ಷಾಂತರ ಸಸಿ ಬಿದ್ದಾಗ ಈ ಪರಂಪರೆ ಮುಂದುವರಿಯಿತು.

ಇವತ್ತಿಗೂ ಬೆಂಗಳೂರಿನ ಹೂವಿನ ಪಂಚಾಂಗ ಹೆಚ್ಚುಕಡಿಮೆ ಹೀಗೆ ನಡೆಯುತ್ತದೆ. ಹೊಸ ವರ್ಷದ ಆಸುಪಾಸಿನಲ್ಲಿ ಗುಲಾಬಿ ಟಬೂಬಿಯ. ಫೆಬ್ರವರಿ, ಮಾರ್ಚ್‌ನಲ್ಲಿ ಹಳದಿ ಟಬೂಬಿಯ. ಅದರ ಬೆನ್ನಿಗೆ ನೀಲಿ ನೇರಳೆಯ ಜಕರಾಂಡ. ಯುಗಾದಿಗೆ ಹೊಂಗೆಯ ಚಿಗುರು, ಹಿಂದೆಯೇ ಅದರ ಹೂ. ಏಪ್ರಿಲ್, ಮೇನಲ್ಲಿ ಗುಲ್‌ಮೊಹರ್, ಪೆಲ್ಟೋಫೋರಮ್, ಕಕ್ಕೆ, ಹೊಳೆದಾಸವಾಳ. ಮಳೆ ಮುಗಿದ ಮೇಲೆ ಆಕಾಶಮಲ್ಲಿಗೆ.

ಈ ಪಟ್ಟಿಯಲ್ಲಿ ಅರ್ಧಕ್ಕರ್ಧ ಹೊರನಾಡಿನವು. ಟಬೂಬಿಯ ಮತ್ತು ಜಕರಾಂಡ ಅಮೆರಿಕ ಖಂಡಗಳವು, ಗುಲ್‌ಮೊಹರ್ ಮಡಗಾಸ್ಕರಿನದು. ಅಗಲವಾದ ರಸ್ತೆಗೆ, ದೊಡ್ಡ ಉದ್ಯಾನಕ್ಕೆ ಅವು ಹೇಳಿ ಮಾಡಿಸಿದಂತಿವೆ. ಮನೆಯಂಗಳಕ್ಕೆ ನೋಡಿದರೆ, ನಮ್ಮ ಬಯಲು, ಮಲೆ, ಕರಾವಳಿಯ ಮರಗಳಲ್ಲೇ ಆಯ್ಕೆ ಹೆಚ್ಚು. ಹಿತ್ತಲ ಗಿಡ ಮದ್ದಲ್ಲ ಎಂದು ನಾವು ಅವನ್ನು ನೋಡಿಯೂ ನೋಡದಂತಿದ್ದೇವೆ ಅಷ್ಟೆ.

ಉರಿಬಿಸಿಲಲ್ಲೇ ಹೂ ಯಾಕೆ?

ಹಿಮ ಕರಗಿ ಹೂ ಬರುವ ವಸಂತ ನಮ್ಮದಲ್ಲ. ನಮ್ಮ ವಸಂತ ಒಣ ಭೂಮಿಯದು. ಬಾವಿ ತಳ ಕಾಣುವ ಕಾಲದಲ್ಲಿ ಮುತ್ತುಗ, ಬೂರುಗ, ಹಾಲುವಾಣ ಹೂವಾಗುತ್ತವೆ. ಇದರ ಹಿಂದೆ ನೀರಿನ ಉಳಿತಾಯವಿದೆ. ಮರದ ನೀರು ಆವಿಯಾಗಿ ಹೋಗುವುದು ಮುಖ್ಯವಾಗಿ ಎಲೆಯಿಂದ. ಎಲೆ ಉದುರಿಸಿದ ಮೇಲೆ ಆ ಖರ್ಚು ನಿಲ್ಲುತ್ತದೆ. ಆಳದ ಬೇರು ಎಳೆದ ಅಷ್ಟಿಷ್ಟು ನೀರು ಕಾಂಡದಲ್ಲಿ ತುಂಬಿಕೊಂಡು ಮೊಗ್ಗನ್ನು ಅರಳಿಸುತ್ತದೆ. ಎಲೆಯ ಮರೆ ಇಲ್ಲದ್ದರಿಂದ ಜೇನಿಗೆ, ಹಕ್ಕಿಗೆ ಹೂ ದೂರದಿಂದಲೇ ಕಾಣುತ್ತದೆ. ಈಗ ಹೂ ಕಟ್ಟಿದರೆ ಮುತ್ತುಗ, ಬೂರುಗದಂಥವುಗಳ ಬೀಜ ಮುಂಗಾರಿನ ಹೊತ್ತಿಗೆ ನೆಲಕ್ಕೆ ಬಿದ್ದು, ಮಳೆಯಲ್ಲಿ ಮೊಳೆಯಲು ಸಿದ್ಧವಾಗಿರುತ್ತದೆ.

ಇದನ್ನು ತಿಳಿದರೆ ಆರೈಕೆಯ ಅರ್ಧ ಪಾಠ ಮುಗಿದಂತೆ. ಬೆಳೆದ ಹೂಮರಕ್ಕೆ ಡಿಸೆಂಬರ್, ಜನವರಿಯಲ್ಲಿ ದಿನಾ ಪೈಪು ಹಿಡಿದು ನೀರು, ಮೇಲೆ ಯೂರಿಯಾ ಕೊಟ್ಟರೆ ಅದು ಎಲೆ ಬೆಳೆಸುತ್ತದೆ, ಹೂ ಮರೆಯುತ್ತದೆ. ಕೊಂಬೆ ಸವರುವುದಿದ್ದರೆ ಹೂ ಮುಗಿದ ಕೂಡಲೇ ಸವರಬೇಕು. ಚಳಿಗಾಲದಲ್ಲಿ ‘ಮರ ಬೋಳಾಗಿದೆ, ಕಡಿಸಿಬಿಡೋಣ’ ಎಂದು ಕತ್ತಿ ಹಾಕಿದರೆ ಆ ವರ್ಷದ ಮೊಗ್ಗುಗಳೇ ಹೋಗುತ್ತವೆ. ಹೊಳೆದಾಸವಾಳ ಇದಕ್ಕೆ ಹೊರತು. ಅದು ಹೊಸ ರೆಂಬೆಯ ತುದಿಯಲ್ಲಿ ಹೂ ಬಿಡುವ ಮರ, ಚಳಿಗಾಲದ ಕೊನೆಯಲ್ಲಿ ಹಗುರವಾಗಿ ಸವರಿದರೂ ನಡೆಯುತ್ತದೆ.

ಸೈಟು ಇದ್ದಷ್ಟು ಮರ

30 ಅಡಿ ಅಗಲ, 40 ಅಡಿ ಉದ್ದದ ಸೈಟಿನಲ್ಲಿ ಮನೆ ಕಟ್ಟಿ, ಕಾರಿಗೆ ಜಾಗ ಬಿಟ್ಟು, ಸಂಪು ತೋಡಿದ ಮೇಲೆ ಮಣ್ಣು ಕಾಣುವುದು ಗೇಟಿನ ಪಕ್ಕ ಒಂದಿಷ್ಟು. ಅಲ್ಲಿಗೆ 20–25 ಅಡಿ ದಾಟದ ಮರ ಬೇಕು. ಅಂಥ ಐದನ್ನು ನೋಡೋಣ.

ಮೊದಲನೆಯದು ಮಂದಾರ. ಎರಡು ಹೋಳಾದ ಎಲೆಯಿಂದಾಗಿ ಬಸವನಪಾದ ಎಂದೂ ಕರೆಯುವ ಗುಂಪಿನದು. ಇಲ್ಲಿ ನರ್ಸರಿಯಲ್ಲೇ ಎಚ್ಚರ ಬೇಕು. ವಸಂತದಲ್ಲಿ, ಎಲೆ ಉದುರಿದ ಕೊಂಬೆಯ ಮೇಲೆ ಹೂ ಬಿಡುವುದು ಬೌಹಿನಿಯ ವೇರಿಗೇಟ. ಅದರ ಅಣ್ಣ ಬೌಹಿನಿಯ ಪರ್ಪ್ಯೂರಿಯ ಹೂ ಬಿಡುವುದು ಮಳೆಗಾಲ ಮುಗಿದ ಮೇಲೆ, ಎಲೆಯ ನಡುವೆ. ಸಸಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಎಲೆಯ ಸೀಳು ಆಳವಾಗಿದ್ದರೆ ಪರ್ಪ್ಯೂರಿಯ, ಮೇಲೆ ಮೇಲಷ್ಟೇ ಇದ್ದರೆ ವೇರಿಗೇಟ. ಹೂ ಸಿಕ್ಕರೆ ಗುರುತು ಇನ್ನೂ ಸುಲಭ: ವೇರಿಗೇಟದಲ್ಲಿ ಐದು ಕೇಸರ, ಅಗಲ ದಳ, ಪರ್ಪ್ಯೂರಿಯದಲ್ಲಿ ಮೂರು ಕೇಸರ, ಕಿರಿದಾದ ದಳ. ಬೇಗ ಹೂ ನೋಡುವ ಆಸೆಯವರಿಗೆ ಮಂದಾರವೇ ಸರಿ, ನೆಟ್ಟ ಕೆಲವೇ ವರ್ಷದಲ್ಲಿ ಅರಳಲು ಶುರು.

ಎರಡನೆಯದು ಅಶೋಕ. ಶಾಲೆ, ಕಚೇರಿಗಳ ಕಾಂಪೌಂಡಿನ ಗುಂಟ ಕಂಬದಂತೆ ನಿಂತಿರುವ ಮರ ಇದಲ್ಲ. ಅದು ಬೇರೆಯೇ ಕುಲದ್ದು, ಅದಕ್ಕೆ ನೋಡುವಂಥ ಹೂವೂ ಇಲ್ಲ. ನಿಜವಾದ ಅಶೋಕ, ಸರಾಕ ಅಸೋಕ, ಪಶ್ಚಿಮ ಘಟ್ಟದ ತೊರೆಯಂಚಿನ ಮರ. ಕಾಡಿನಲ್ಲಿ ಇದು ಅಪಾಯದ ಅಂಚಿನಲ್ಲಿದೆ. ತೊಗಟೆಗಾಗಿ ಔಷಧ ವ್ಯಾಪಾರ ಇದನ್ನು ಸುಲಿದದ್ದು ಒಂದು ಕಾರಣ. ಮಾರ್ಚ್‌ನಲ್ಲಿ ಒಂದು ಗೊಂಚಲನ್ನು ಕೈಯಲ್ಲಿ ಹಿಡಿದು ನೋಡಿ. ದಳ ಎಂದುಕೊಂಡದ್ದು ದಳವಲ್ಲ, ಬಣ್ಣ ಬಂದ ಪುಷ್ಪಪಾತ್ರೆಯ ನಾಲ್ಕು ಎಸಳು. ಈ ಹೂವಿಗೆ ದಳವೇ ಇಲ್ಲ. ಅರಳುವಾಗ ಹಳದಿ, ಮರುದಿನಗಳಲ್ಲಿ ಕಿತ್ತಳೆ, ಮಾಗಿದ ಮೇಲೆ ಕೆಂಪು. ಹಾಗಾಗಿ ಒಂದೇ ಗೊಂಚಲಲ್ಲಿ ಮೂರೂ ಬಣ್ಣ ಸಿಗುತ್ತದೆ. ಉದ್ದನೆಯ ಕೇಸರಗಳು ಹೊರಚಾಚಿರುತ್ತವೆ. ಗೊಂಚಲು ರೆಂಬೆ ತುದಿಗಾಗಿ ಕಾಯುವುದಿಲ್ಲ, ಬಲಿತ ಕೊಂಬೆಯಿಂದ, ಕಾಂಡದಿಂದಲೇ ಹೊರಡುತ್ತದೆ. ಅರೆನೆರಳನ್ನೂ ಸಹಿಸುವ ಹೂಮರ ಅಪರೂಪ. ಮೂರಂತಸ್ತಿನ ಮನೆಗಳ ನಡುವೆ ಮಧ್ಯಾಹ್ನದ ಬಿಸಿಲಷ್ಟೇ ಬೀಳುವ ಜಾಗಕ್ಕೂ ಇದು ಒಗ್ಗುತ್ತದೆ. ಆದರೆ ತೇವ ಬೇಕು. ಕಲಬುರಗಿಯ ಬಿಸಿಲಿಗೆ ನೆಟ್ಟು ಒಣಗಿಸಬಾರದು.

ಮೂರನೆಯದು ಚನ್ನಪಟ್ಟಣದ ಗೊಂಬೆಗಾರರು ಹಾಲೆ ಎನ್ನುವ ಮರ, ಬೆಪ್ಪಾಲೆ ಎಂದೂ ಹೆಸರಿದೆ. ಬಣ್ಣದ ಬುಗುರಿ, ಗೊಂಬೆ ತಿರುಗಿಸುವ ಆ ಬಿಳಿ ಮೆದು ಮರ ಇದೇ. ಬೇಸಿಗೆಯಲ್ಲಿ ಪರಿಮಳದ ಬಿಳಿ ಹೂ ಬಿಡುತ್ತದೆ, ಬಡ ಮಣ್ಣಿಗೂ ಬೇಸರಿಸುವುದಿಲ್ಲ. ಅದರ ಸಂಬಂಧಿ ಕೊಡಸಿಗ ನಾಲ್ಕನೆಯದು. ಮಲೆನಾಡಿನ ಬೇಣಗಳಲ್ಲಿ ಪೊದೆಯಂತೆ ಬೆಳೆಯುವ ಇದಕ್ಕೆ ಏಪ್ರಿಲ್‌ನಿಂದ ಹೂವು. ಅದರ ತಂಬುಳಿ ಉಂಡವರಿಗೆ ಮರದ ಪರಿಚಯ ಬೇರೆ ಬೇಕಿಲ್ಲ. ಐದನೆಯದು ದೇವಕಣಗಿಲೆ. ಮೆಕ್ಸಿಕೊ ಕಡೆಯಿಂದ ಬಂದು ದೇವಸ್ಥಾನದ ಅಂಗಳಗಳಲ್ಲಿ ನೆಲೆಯೂರಿದ ಇದು ಮೊಳದುದ್ದದ ಕಡ್ಡಿಯಿಂದಲೇ ಚಿಗುರುತ್ತದೆ. ಕಡಿದ ಬಾಯಿಯ ಹಾಲು ಒಣಗಲು ಒಂದು ವಾರ ಬಿಟ್ಟು ನೆಟ್ಟರೆ ಕೊಳೆಯುವುದಿಲ್ಲ. ತಾರಸಿಯ ದೊಡ್ಡ ಕುಂಡದಲ್ಲೂ ಬದುಕುತ್ತದೆ.

ಗೇಟಿನಾಚೆ, ಹಿತ್ತಲಾಚೆ

ಬೀದಿಯಂಚಿನಲ್ಲಿ, ಮೇಲೆ ತಂತಿ ಇಲ್ಲದ ಕಡೆ, ಆಯ್ಕೆ ಹಿಗ್ಗುತ್ತದೆ. ಕಕ್ಕೆ, ಹೊಳೆದಾಸವಾಳ, ರಂಜೆ ಮೂರೂ ಇಲ್ಲಿಗೆ ಒಪ್ಪುವಂಥವು.

ಏಪ್ರಿಲ್, ಮೇ ತಿಂಗಳಲ್ಲಿ ಹಳದಿ ಹೂವಿನ ಜಡೆ ಇಳಿಬಿಡುವ ಕಕ್ಕೆ ಕೇರಳದವರ ವಿಷು ಹಬ್ಬದ ಹೂ, ಆ ರಾಜ್ಯದ ಹೂವೂ ಹೌದು. ಮರದ ಕೆಳಗೆ ಬೆಳಿಗ್ಗೆ ಎಂಟು ಗಂಟೆಗೆ ನಿಂತರೆ ಕಪ್ಪು ದುಂಬಿಗಳ ಗುಂಯ್‌ಗುಡುವಿಕೆ ಕೇಳುತ್ತದೆ. ಹತ್ತು ಕೇಸರಗಳು ಒಂದೇ ಅಳತೆಯವಲ್ಲ: ಮೂರು ಉದ್ದವಾಗಿ ಬಾಗಿ ಮೇಲಕ್ಕೆ ಎದ್ದಿವೆ, ಉಳಿದವು ಗಿಡ್ಡ. ಹೂವಿನಲ್ಲಿ ಮಕರಂದವಿಲ್ಲ, ದುಂಬಿ ಬರುವುದು ಪರಾಗಕ್ಕೇ. ಅದು ಗಿಡ್ಡ ಕೇಸರಗಳನ್ನು ಕಾಲಲ್ಲಿ ಅವುಚಿಕೊಂಡು, ಎದೆಯ ಸ್ನಾಯುಗಳನ್ನು ನಡುಗಿಸಿ ಪರಾಗವನ್ನು ಉದುರಿಸಿಕೊಳ್ಳುತ್ತದೆ. ಆ ನಡುಕದ ಹೊತ್ತಿನಲ್ಲಿ ಗುಂಯ್‌ಗುಡುವ ಸದ್ದು ಒಮ್ಮೆಲೇ ತೀಕ್ಷ್ಣವಾಗುತ್ತದೆ. ಅಷ್ಟರಲ್ಲಿ ಉದ್ದನೆಯ ಕೇಸರಗಳು ಅದರ ಮೈಗೆ ಪರಾಗ ಹಚ್ಚಿ, ಮುಂದಿನ ಹೂವಿಗೆ ಕಳಿಸುತ್ತವೆ. ಮರಿಹುಳುಗಳು ಎಳೆಯೆಲೆಯನ್ನು ತಿಂದು ಮುಗಿಸಿದವು ಎಂದು ಕೀಟನಾಶಕ ಹೊಡೆಯುವವರಿದ್ದಾರೆ. ಅವು ತಿಳಿಹಸಿರು ಹಳದಿಯ ಎಮಿಗ್ರಂಟ್ ಚಿಟ್ಟೆಯ ಮಕ್ಕಳು. ತಿಂದು ಹೋಗಲಿ, ಮರ ಮತ್ತೆ ಚಿಗುರುತ್ತದೆ. ಕಕ್ಕೆಯ ಎರಡು ಅನನುಕೂಲಗಳನ್ನೂ ಹೇಳಬೇಕು. ಒಂದೆರಡು ಅಡಿ ಉದ್ದದ ಕಾಯಿ ತಿಂಗಳುಗಟ್ಟಲೆ ಜೋತುಬಿದ್ದು ಆಮೇಲೆ ಬೀಳುತ್ತದೆ. ಬೀಜದಿಂದ ಬೆಳೆಸಿದ ಸಸಿ ಹೂ ಬಿಡಲು ಹಲವು ವರ್ಷ ಕಾಯಿಸುತ್ತದೆ.

ಹೊಳೆದಾಸವಾಳ ಮಹಾರಾಷ್ಟ್ರದ ರಾಜ್ಯಪುಷ್ಪ. ಕಾಡಿನಲ್ಲಿ ತೊರೆಯ ಪಕ್ಕದ ಮರವಾದರೂ ಊರಿನ ಮಣ್ಣಿಗೂ ಹೊಂದಿಕೊಂಡಿದೆ. ಸುಕ್ಕುಸುಕ್ಕಾದ ನೇರಳೆ ದಳಗಳ ಹೂ ಮೇ ತಿಂಗಳಿಗೆ, ಚಳಿಗಾಲದಲ್ಲಿ ಎಲೆ ಕೆಂಪಾಗಿ ಉದುರುವ ಚೆಂದ ಬೇರೆ. ರಂಜೆಯ ಹೂ ಕಣ್ಣಿಗೆ ಕಾಣುವುದಕ್ಕಿಂತ ಮೂಗಿಗೆ ಕಾಣುವುದು ಹೆಚ್ಚು. ವರ್ಷವಿಡೀ ಹಸಿರಾಗಿರುವ, ಒತ್ತಾದ ನೆರಳಿನ ಮರ ಅದು.

ಹಿತ್ತಲು ದೊಡ್ಡದಿದ್ದರೆ, ತೋಟದ ಮನೆಯಿದ್ದರೆ, ಊರಿನ ಸ್ಕೂಲಿಗೆ ನೆಡುವುದಿದ್ದರೆ ಹೊಂಗೆ, ಮುತ್ತುಗ, ಸುರಗಿ, ನಾಗಸಂಪಿಗೆಗಳ ಕಡೆ ನೋಡಬಹುದು. ಫೆಬ್ರವರಿಯಲ್ಲಿ ಎಲೆ ಚೆಲ್ಲಿ, ಯುಗಾದಿಯ ಹೊತ್ತಿಗೆ ಮಿರುಗುವ ಚಿಗುರು ಹೊದ್ದು, ಬೇಸಿಗೆಯ ತೀವ್ರ ದಿನಗಳಿಗೆ ಸರಿಯಾಗಿ ನೆರಳು ತರುವ ಹೊಂಗೆಯಷ್ಟು ಲೆಕ್ಕಾಚಾರದ ಮರ ಇನ್ನೊಂದಿಲ್ಲ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೂ ಕೊಡುತ್ತವೆ. ಸುರಗಿ ನಿಧಾನದ ಮರ, ಆದರೆ ಅದರ ಹೂ ಒಣಗಿದ ಮೇಲೂ ಪರಿಮಳ ಬಿಡುವುದಿಲ್ಲ. ಉತ್ತರ ಕನ್ನಡದಲ್ಲಿ ಈ ಹೂವಿನ ದಂಡೆ ಕಟ್ಟಿ ಮಾರುತ್ತಾರೆ. ನಾಗಸಂಪಿಗೆ ಅದಕ್ಕಿಂತ ನಿಧಾನ. ಅದನ್ನು ಮೊಮ್ಮಕ್ಕಳ ಲೆಕ್ಕದಲ್ಲಿ ನೆಡಬೇಕು.

ಮನೆ ಹತ್ತಿರ ಬೇಡದವು

ಗುಲ್‌ಮೊಹರ್ ನೋಡಲು ಸೊಗಸು, ನೆರೆಹೊರೆಗೆ ಕಷ್ಟ. ಬೇರು ಮೇಲ್ಮೈಯಲ್ಲೇ ಹರಡಿ ಟೈಲ್ಸ್ ಎಬ್ಬಿಸುತ್ತದೆ, ಕೊಂಬೆ ಮುಂಗಾರು ಪೂರ್ವದ ಗಾಳಿಗೆ ಮುರಿಯುತ್ತದೆ. ಆಫ್ರಿಕದ ನೀರುಕಾಯಿ ಮರ, ಮೊಗ್ಗು ಹಿಚುಕಿ ನೀರು ಚಿಮ್ಮಿಸಿದ ಬಾಲ್ಯದ ನೆನಪಿಗೆ ಚೆನ್ನ. ಅದರ ಮರವೂ ಪೆಳಸು, ಹೂವಿನಲ್ಲಿ ಸತ್ತ ಸಣ್ಣ ಜೇನುಗಳು ಸಿಗುತ್ತವೆ. ಬೂರುಗ ನೂರಡಿ ಮುಟ್ಟಬಲ್ಲ ಮರ, ಹತ್ತಿ ಹಾರುವಾಗ ಇಡೀ ಬೀದಿಗೆ ಹಂಚುತ್ತದೆ. ನಾಗಲಿಂಗದ ಕಾಯಿ ತಲೆಯ ಮೇಲೆ ಬೀಳುವಂಥದ್ದು. ಹಳದಿ ಟಬೂಬಿಯದ ಬೆಳ್ಳಿ ಎಲೆಯ ಜಾತಿ ಬೇರು ಆಳಕ್ಕೆ ಬಿಡದೆ, ಮೇಲೆ ಭಾರವಾಗಿ, ಗಾಳಿಗೆ ಬುಡಮೇಲಾಗುತ್ತದೆ. ಇವೆಲ್ಲ ಮೈದಾನಕ್ಕೆ, ಕೆರೆ ದಂಡೆಗೆ, ಉದ್ಯಾನಕ್ಕೆ ಇರಲಿ.

ಹಾಲುವಾಣದ ವಿಷಯ ಬೇರೆ. ಕೆಂಪು ಹೂವಿನ ಈ ಮರ ಕಾಫಿ ತೋಟದ ನೆರಳು, ಮೆಣಸಿನ ಬಳ್ಳಿಯ ಆಸರೆ. 2000ರ ದಶಕದಲ್ಲಿ ಎಲೆಯಲ್ಲಿ ಗಂಟು ಕಟ್ಟಿಸುವ ಪುಟ್ಟ ಕಣಜವೊಂದು ದಕ್ಷಿಣ ಭಾರತಕ್ಕೆ ಬಂದು ಇದನ್ನು ಹಣಿಯಿತು. ಹೊಸದಾಗಿ ನೆಡುವವರು ಹತ್ತಿರದ ಹಾಲುವಾಣ ಹೇಗಿದೆ ನೋಡಿಕೊಂಡು ಮುಂದುವರಿಯುವುದು ಒಳ್ಳೆಯದು.

ಊರು ನೋಡಿ ಮರ

ಬೆಂಗಳೂರಿನಲ್ಲಿ ಚೆಲುವಾಗಿ ಅರಳುವ ಜಕರಾಂಡ ಮಂಗಳೂರಿನ ಸೆಕೆಯಲ್ಲಿ ಎಲೆ ಬಿಟ್ಟು ಸುಮ್ಮನಾಗಬಹುದು. ಸುಮಾರು 900 ಮೀಟರ್ ಎತ್ತರದ ತಂಪು, ಒಣ ಚಳಿಗಾಲ ಅದಕ್ಕೆ ಹಿತ. ಕರಾವಳಿಗೆ ಸುರಗಿ, ರಂಜೆ, ಹೊಳೆದಾಸವಾಳ, ಸುರಹೊನ್ನೆ ಇವೆ. ಮಲೆನಾಡಿಗೆ ಅಶೋಕ, ನಾಗಸಂಪಿಗೆ, ಕೊಡಸಿಗ. ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕಪ್ಪು ಮಣ್ಣಿಗೆ ಮುತ್ತುಗದಷ್ಟು ಗಟ್ಟಿ ಹೂಮರ ಇನ್ನೊಂದಿಲ್ಲ. ನೀರು ನಿಂತರೂ, ಮಣ್ಣು ಬಿರಿದರೂ, ಸವಳಿದ್ದರೂ ಸಹಿಸುತ್ತದೆ. ಮುತ್ತುಗ ನೆಟ್ಟವರು ಮೊದಲ ವರ್ಷಗಳಲ್ಲಿ ಸಸಿ ಬೇಸಿಗೆಗೆ ಒಣಗಿದ್ದು ಕಂಡು ಕೀಳಬಾರದು. ಮೇಲೆ ಸತ್ತಂತಿದ್ದರೂ ಬೇರು ಬಲಿಯುತ್ತಿರುತ್ತದೆ, ಮಳೆಗೆ ಮತ್ತೆ ಚಿಗುರುತ್ತದೆ. ಬಂಡೆಗುಡ್ಡದ ಜಮೀನಿದ್ದವರಿಗೆ, ಬರಿಗೊಂಬೆಯಲ್ಲಿ ಬಟ್ಟಲಗಲದ ಹಳದಿ ಹೂ ಬಿಡುವ ಅರಿಶಿನ ಬೂರುಗ ಇದೆ. ತೋಟದ ಬೇಲಿಗೆ ಗೊಬ್ಬರದ ಗಿಡ ಸಾಕು: ಫೆಬ್ರವರಿಯಲ್ಲಿ ನಸುಗುಲಾಬಿ ಹೂ, ಉಳಿದಂತೆ ಹಸಿರೆಲೆ ಗೊಬ್ಬರ.

ಸಸಿಯಿಂದ ಮರಕ್ಕೆ

ಹೂ ನೋಡಿ ಆರಿಸುವುದು ಬೇಸಿಗೆಯಲ್ಲಿ, ನೆಡುವುದು ಜೂನ್–ಜುಲೈನಲ್ಲಿ. ಮಳೆಗಾಲದ ಮುನ್ನ ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ನಮ್ಮ ನಾಡಿನ ಮರಗಳ ಸಸಿ ಕಡಿಮೆ ಬೆಲೆಗೆ ಸಿಗುತ್ತವೆ. ಎತ್ತರದ ಸಸಿಗೆ ಮರುಳಾಗಬೇಡಿ. ವರ್ಷಗಟ್ಟಲೆ ಚೀಲದಲ್ಲೇ ಉಳಿದ ಸಸಿಯ ಬೇರು ತಳದಲ್ಲಿ ಸುತ್ತಿ ಸುರುಳಿಯಾಗಿರುತ್ತದೆ. ಅಂಥದು ನೆಲಕ್ಕಿಟ್ಟರೂ ಸುರುಳಿ ಬಿಡಿಸಿಕೊಳ್ಳುವುದಿಲ್ಲ, ದೊಡ್ಡದಾದ ಮೇಲೆ ಗಾಳಿಗೆ ಬೀಳುತ್ತದೆ. ಮೂರಡಿಯ, ದಪ್ಪ ಕಾಂಡದ, ತುದಿ ಮುರಿಯದ ಸಸಿ ಮೇಲು.

ಎರಡಡಿ ಉದ್ದ, ಅಗಲ, ಆಳದ ಗುಂಡಿ ಸಾಕು. ಮೇಲ್ಮಣ್ಣನ್ನು ಬೇರೆ ಇಟ್ಟುಕೊಂಡು, ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಕಾಂಡದ ಕೊರಳು ಚೀಲದಲ್ಲಿದ್ದ ಮಟ್ಟಕ್ಕೇ ಇರಲಿ, ಹೂತುಹೋಗಬಾರದು. ಸಣ್ಣ ಮರವಾದರೂ ಗೋಡೆಯಿಂದ ಆರೇಳು ಅಡಿ, ದೊಡ್ಡದಾದರೆ ಹದಿನೈದಕ್ಕೂ ಹೆಚ್ಚು ಅಡಿ ದೂರವಿರಲಿ. ಸಂಪು, ಒಳಚರಂಡಿ ಪೈಪಿನ ಮೇಲೆ ಯಾವುದೂ ಬೇಡ. ಮೊದಲ ಎರಡು ಬೇಸಿಗೆ ವಾರಕ್ಕೆ ಒಂದೆರಡು ಸಲ, ಬೇರಿನಾಳಕ್ಕೆ ಇಳಿಯುವಷ್ಟು ನೀರು ಕೊಡಿ. ದಿನಾ ಒಂದು ಚೊಂಬು ಚಿಮುಕಿಸಿದರೆ ಬೇರು ಮೇಲಕ್ಕೇ ಬರುತ್ತದೆ. ಉದುರಿದ ಎಲೆಯನ್ನು ಸುಡದೆ ಬುಡಕ್ಕೇ ಹರಡಿ. ಬುಡದ ಸುತ್ತ ಕಡಿಮೆಯೆಂದರೂ ನಾಲ್ಕಡಿ ಚೌಕದಷ್ಟು ಮಣ್ಣನ್ನು ಬರಿದೇ ಬಿಡಿ. ಕುತ್ತಿಗೆವರೆಗೆ ಸಿಮೆಂಟು ಬಳಿದ ಬುಡಕ್ಕೆ ಮಳೆನೀರೂ ಇಲ್ಲ, ಗಾಳಿಯೂ ಇಲ್ಲ. ನಗರದ ಬೀದಿಮರಗಳು ಬೀಳುವುದಕ್ಕೆ ಅದೂ ಒಂದು ಕಾರಣ.

ಇನ್ನೊಂದು ಮಾತು ಕಾನೂನಿನದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ವಿನಾಯಿತಿ ಇರುವ ಕೆಲವು ಜಾತಿಗಳನ್ನು ಬಿಟ್ಟರೆ, ನಿಮ್ಮದೇ ಕಾಂಪೌಂಡಿನ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಆದ್ದರಿಂದ ಯೋಚನೆ ಮಾಡುವುದಿದ್ದರೆ ನೆಡುವ ಮುಂಚೆ ಮಾಡುವುದು ಸುಲಭ.

ಇಷ್ಟೆಲ್ಲ ನೋಡಿ ಆರಿಸಿದರೂ ಒಂದು ಮನೆಗೆ ದಕ್ಕುವುದು ಒಂದೇ ಮರ, ಅದು ಅರಳುವುದು ವರ್ಷಕ್ಕೆ ಮೂರು ವಾರ. ಜನವರಿಯಿಂದ ಮೇವರೆಗೆ ಹೂ ನೋಡಬೇಕೆಂದರೆ ಬೀದಿಯ ನಾಲ್ಕೈದು ಮನೆಯವರು ಕೂಡಬೇಕು. ಕ್ರುಂಬಿಗಲ್ ಊರಿಗೆ ಹಾಕಿದ ಲೆಕ್ಕವನ್ನು ನಾವು ಬೀದಿಗೆ ಹಾಕಿಕೊಂಡರೆ ಸಾಕು. ಒಬ್ಬರ ಗೇಟಿಗೆ ಫೆಬ್ರವರಿಯ ಮಂದಾರ, ಇನ್ನೊಬ್ಬರಿಗೆ ಮಾರ್ಚ್‌ನ ಅಶೋಕ, ಎದುರು ಮನೆಗೆ ಏಪ್ರಿಲ್‌ನ ಕಕ್ಕೆ, ತಿರುವಿನಲ್ಲಿ ಮೇ ತಿಂಗಳ ಹೊಳೆದಾಸವಾಳ. ಈ ಬೇಸಿಗೆಯಲ್ಲಿ ನಿಮ್ಮ ಬೀದಿಯನ್ನು ಒಮ್ಮೆ ಈ ಕಡೆಯಿಂದ ಆ ಕಡೆಗೆ ನಡೆದು, ಯಾವ ತಿಂಗಳಲ್ಲಿ ಯಾವ ಮರ ಹೂ ಬಿಡುತ್ತದೆ ಎಂದು ಬರೆದಿಟ್ಟುಕೊಳ್ಳಿ. ಖಾಲಿ ಉಳಿದ ತಿಂಗಳಿನ ಮರವನ್ನೇ, ಪಕ್ಕದ ಮನೆಯವರನ್ನೂ ಕೇಳಿ, ಜೂನ್‌ನ ಮೊದಲ ಮಳೆಗೆ ನೆಡಿ.